ಪರದೆಯೊಳಗೆ ಅಡಗಿದ್ದ ಜಿಂಕೆ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಕಾಡನ್ನು ಸುತ್ತಿ ಮೂಲೆಗೆ ನಿಲ್ಲಿಸುತ್ತಿದ್ದರು. ಅದರ ಪಕ್ಕದಲ್ಲೇ ಒಂದು ಅರಮನೆ, ಒಂದು ಹೂದೋಟ, ಒಂದು ಬೀದಿ. ಗಾಬರಿಯಾಗಬೇಡಿ ಮಕ್ಕಳೇ, ಅವೆಲ್ಲ ನಾಟಕದ ಪರದೆಗಳು. ನಮ್ಮ ಮಂಡ್ಯದ ಕಡೆ ಅವನ್ನು ಸೀನರಿ ಎನ್ನುತ್ತಿದ್ದರು. ಊರಿನವರೇ ಮುಖಕ್ಕೆ ಬಣ್ಣ ಹಚ್ಚಿಕೊಂಡು ನಾಟಕ ಆಡುವಾಗ ಅವರ ಬೆನ್ನ ಹಿಂದೆ ಇಳಿಬಿಡಲು ಅಪ್ಪ ಅವನ್ನು ಬರೆದುಕೊಡುತ್ತಿದ್ದ. ಬಿದಿರಿನ ಗಳಕ್ಕೆ ಸುತ್ತಿಟ್ಟ ಆ ಬಟ್ಟೆಗಳಿಂದ ಅಂಟಿನ ಮತ್ತು ಬಣ್ಣದ ಪುಡಿಯ ವಾಸನೆ ಮನೆಯೆಲ್ಲ ಹರಡಿರುತ್ತಿತ್ತು. ಅಮ್ಮ ಮಾಡಿದ ಬಸ್ಸಾರಿನಲ್ಲೂ ನನಗೆ ಅದೇ ವಾಸನೆ ಬಂದಂತಾಗುತ್ತಿತ್ತು.

ಅಪ್ಪ ಬರೆಯುವುದನ್ನು ನೋಡುವುದೇ ಒಂದು ಸೊಗಸು. ಬೇಸಗೆಯಲ್ಲಿ ಖಾಲಿ ಬಿದ್ದ ಕಣದಲ್ಲಿ ಬಟ್ಟೆ ಹಾಸಿ, ಬರಿಗಾಲಲ್ಲಿ ಅದರ ಮೇಲೇ ನಡೆದಾಡುತ್ತ, ಉದ್ದ ಕೋಲಿಗೆ ಕಟ್ಟಿದ ಕುಂಚದಿಂದ ಬಣ್ಣ ಬಳಿಯುತ್ತಿದ್ದ. ಹತ್ತಿರ ನಿಂತು ನೋಡಿದರೆ ಮರವೂ ಇಲ್ಲ, ಎಲೆಯೂ ಇಲ್ಲ, ಸಗಣಿ ಸಾರಿಸಿದ ಹಾಗೆ ಬರೀ ಹಸಿರು ಗೀರುಗಳು. ಅದು ಕಾಡಾಗಿ ಕಾಣಬೇಕಾದರೆ ದೂರ ಹೋಗಬೇಕಿತ್ತು. ಅದಕ್ಕೇ ಅಕ್ಕ ಹುಲ್ಲಿನ ಮೆದೆ ಹತ್ತಿ ಕೂತು ಅಲ್ಲಿಂದ ಕೂಗುತ್ತಿದ್ದಳು.

"ಅಪ್ಪೋ, ಎಡಗಡೆ ಮರ ಸೊಟ್ಟಗದೆ!"

ಅಪ್ಪ ತುಟಿಪಿಟಕ್ಕೆನ್ನದೆ ತಿದ್ದುತ್ತಿದ್ದ. ಎರಡು ಜಡೆಯ ಹುಡುಗಿಯ ಮಾತಿಗೆ ಅಷ್ಟೊಂದು ಬೆಲೆಯೇ ಎಂದು ನನಗೆ ಒಳಗೊಳಗೇ ಹೊಟ್ಟೆಕಿಚ್ಚು. ಒಮ್ಮೆ ನಾನೂ ಹಟ ಹಿಡಿದು ಮೆದೆ ಹತ್ತಿದ್ದೆ. ಕೂಗುವ ಮೊದಲೇ ಜಾರಿ ಬಿದ್ದು, ಮೈಯೆಲ್ಲ ಹುಲ್ಲು ಚುಚ್ಚಿಸಿಕೊಂಡು ಮನೆಗೆ ಓಡಿದೆ.

ಹೀಗಿರುವಾಗ ನಮ್ಮೂರಿಗೆ ಕರೆಂಟು ಬಂತು. ಅದುವರೆಗೆ ನಾಟಕಗಳಿಗೆ ಪೆಟ್ರೋಮ್ಯಾಕ್ಸ್ ದೀಪವೇ ಗತಿ. ಈಗ ನಾಟಕದ ಮೇಷ್ಟ್ರು ಪೇಟೆಯಿಂದ ಒಂದು ದೊಡ್ಡ ಫೋಕಸ್ ಲೈಟನ್ನು ತರಿಸಿ, ಅದನ್ನು ಹಾಕಿ ಆರಿಸುವ ಒಬ್ಬ ಲೈಟಿನವನನ್ನೂ ಕರೆಸಿದರು. ಲೈಟಿನ ಮುಂದೆ ಕೆಂಪು, ಹಸಿರು ಗಾಜಿನಂಥ ತೆಳು ಹಾಳೆ ಹಿಡಿದರೆ ಬೆಳಕೇ ಆ ಬಣ್ಣಕ್ಕೆ ತಿರುಗುತ್ತಿತ್ತು. ನೋಡೇಬಿಡೋಣ ಎಂದು ಒಂದು ಮಧ್ಯಾಹ್ನ ಶಾಲೆಯ ಕಿಟಕಿಗಳಿಗೆಲ್ಲ ಗೋಣಿಚೀಲ ಕಟ್ಟಿ ಕತ್ತಲು ಮಾಡಿದರು. ಅರ್ಧ ಊರೇ ಒಳಗೆ ತುಂಬಿಕೊಂಡಿತು. ಮುಂದೆ ಅಪ್ಪನ ಹೊಸ ಕಾಡು ತೂಗುತ್ತಿತ್ತು.

ಕೆಂಪು ಹಾಳೆ ಹಿಡಿದರು. ಅಪ್ಪ ಒಂದೊಂದಾಗಿ ಬರೆದ ಹಸಿರು ಮರಗಳೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಕರ್ರಗಾಗಿಬಿಟ್ಟವು.

"ಕಾಡ್ಗೆ ಬೆಂಕಿ ಬಿದ್ದಂಗದೆ!" ಎಂದು ಯಾರೋ ಕೂಗಿದರು. ಎಲ್ಲರೂ ಹೋ ಎಂದು ನಕ್ಕರು.

ಮೇಷ್ಟ್ರು ನಗಲಿಲ್ಲ. ಅಪ್ಪನ ಹೆಗಲ ಮೇಲೆ ಕೈಯಿಟ್ಟು, "ಬೇಜಾರ್ ಮಾಡ್ಕಬ್ಯಾಡ ಕಣಪ್ಪ. ಒಂದು ಬಿಳೀ ಪಂಚೆ ಕಟ್ಟಿ ಮ್ಯಾಲೆ ಬಣ್ಣದ ಲೈಟು ಬುಟ್ರೆ ಸಾಕು. ಇನ್ ಸೀನರಿ ಯಾಕೆ?" ಎಂದರು.

ಕಿಟಕಿಯ ಗೋಣಿಗಳನ್ನು ಬಿಚ್ಚಿದರು. ಜನ ಕಾಫಿಗೆಂದು ಹೊರಗೆ ಹೋದರು. ಅಪ್ಪ ಪರದೆಯ ಮುಂದೆಯೇ ನಿಂತಿದ್ದ. ನಮ್ಮೂರು ಸೀನರಿ ಬೇಡವೆಂದರೆ ಸುತ್ತಿನ ಊರುಗಳೂ ಬೇಡವೆನ್ನುತ್ತವೆ, ಆಮೇಲೆ ಅಪ್ಪ ಕಾಡು ಬರೆಯುವುದೇ ಇಲ್ಲ. ಅಷ್ಟು ನನಗೂ ಅರ್ಥವಾಯಿತು. ಅಪ್ಪನ ಮುಖ ನೋಡಲಾರದೆ ನಾನು ಅವನ ಕಾಲನ್ನು ಹಿಡಿದುಕೊಂಡೆ.

ಅಕ್ಕ ಮಾತ್ರ ಹಿಂದಿನ ಗೋಡೆಯ ಹತ್ತಿರ ಬೆಂಚಿನ ಮೇಲೆ ನಿಂತೇ ಇದ್ದಳು. ಅವಳ ಅಭ್ಯಾಸವೇ ಅದು, ಎಲ್ಲಿ ಹೋದರೂ ದೂರ, ಎತ್ತರ.

"ಅಪ್ಪ, ಕೆಂಪು ಬುಟ್ಟಾಗ ಮುತ್ತುಗದ ಹೂವು ಎಲ್ಲೋದೋ?" ಎಂದಳು.

ಪರದೆಯಲ್ಲಿ ತೆಳು ಹಳದಿ ಆಕಾಶದ ಮುಂದೆ ಅಪ್ಪ ಮುತ್ತುಗದ ಕೆಂಪು ಹೂಗಳನ್ನು ಬರೆದಿದ್ದ. ನಾವೆಲ್ಲ ಕಪ್ಪಾದ ಮರಗಳನ್ನು ನೋಡುತ್ತಿದ್ದಾಗ ಅಕ್ಕ ಕಾಣೆಯಾದ ಹೂಗಳನ್ನು ನೋಡಿದ್ದಳು! ಅಪ್ಪ ಮತ್ತೆ ಗೋಣಿ ಕಟ್ಟಿಸಿದ. ಲೈಟಿನವನು ಒಳ್ಳೆಯವನು, ಬೇಸರಿಸದೆ ಕೆಂಪು ಹಾಳೆ ಹಿಡಿದ. ಹೌದು, ಆಕಾಶವೂ ಹೂವೂ ಒಂದೇ ಕೆಂಪಾಗಿ ಹೂಗಳೇ ಇಲ್ಲ. ಹಸಿರು ಹಾಳೆ ಹಿಡಿದ. ಕಪ್ಪಗೆ, ಗೊಂಚಲುಗೊಂಚಲಾಗಿ ಹೂಗಳು ಎದ್ದು ಬಂದವು. ಅಪ್ಪ ತೊಡೆ ತಟ್ಟಿಕೊಂಡು ನಕ್ಕ ಸದ್ದು ನನಗೆ ಇವತ್ತಿಗೂ ಕೇಳಿಸುತ್ತದೆ.

ಆಮೇಲೆ ಬಾಗಿಲು ಹಾಕಿಕೊಂಡು ನಾವು ಮಾಡಿದ್ದನ್ನು ಯಾರಿಗೂ ಹೇಳಲಿಲ್ಲ. ಮರಗಳ ನಡುವೆ ತೆಳು ಹಳದಿಯ ಒಂದು ಬಯಲಿತ್ತು. ಅಲ್ಲಿ ಅಪ್ಪ ಕೆಂಪು ಬಣ್ಣದಲ್ಲಿ ಏನೋ ಬರೆಯತೊಡಗಿದ. ಅಕ್ಕ ಬೆಂಚಿನ ಮೇಲಿಂದ, "ಕುತ್ಗೆ ಇನ್ನೊಂಚೂರು ಉದ್ದ ಮಾಡಪ್ಪ... ಆ, ಸಾಕು" ಎನ್ನುತ್ತಿದ್ದಳು. ಬಣ್ಣ ಬೇಗ ಒಣಗಲೆಂದು ನಾನು ಮೊರದಿಂದ ಗಾಳಿ ಹಾಕಿದೆ, ಕೈ ಸೋತು ಹೋಗುವವರೆಗೆ.

ಎಲ್ಲರನ್ನೂ ಕತ್ತಲೆಗೇ ಕರೆದು ಕೂರಿಸಿದೆವು. ಮೊದಲು ಕೆಂಪು ಬೆಳಕು ಬಿತ್ತು. ಈ ಸಲ ಅಪ್ಪ, "ಹೊತ್ತು ಹುಟ್ತಾ ಅದೆ, ನೋಡಿ" ಎಂದ. ಆ ಒಂದು ಮಾತಿಗೆ ಸುಟ್ಟ ಕಾಡು ಮುಂಜಾವಿನ ಕಾಡಾಯಿತು. ಕೆಂಪು ಆಕಾಶದ ಮುಂದೆ ಕಪ್ಪು ಮರಗಳು, ನಡುವೆ ಖಾಲಿ ಬಯಲು. ಯಾರೂ ನಗಲಿಲ್ಲ. ಲೈಟಿನವನು ಮೆಲ್ಲಗೆ ಕೆಂಪು ಹಾಳೆ ಸರಿಸಿ ಹಸಿರು ಹಿಡಿದ. ಮರಗಳಿಗೆ ಜೀವ ಬಂತು. ಆ ಖಾಲಿ ಬಯಲಿನಲ್ಲಿ ಒಂದು ಜಿಂಕೆ ನಿಂತು, ಕತ್ತು ತಿರುಗಿಸಿ ನಮ್ಮನ್ನೇ ನೋಡುತ್ತಿತ್ತು.

ಮುಂದೆ ಕೂತಿದ್ದ ಮುದುಕಿಯೊಬ್ಬಳು ಕೈ ಮುಗಿದಳು. ಜಿಂಕೆಗೆ ಗಾಳಿ ಹಾಕಿದವನೇ ನಾನು, ಆದರೂ ನನ್ನ ಮೈ ಜುಮ್ಮೆಂದಿತು. ಅದು ಓಡಿ ಹೋದೀತೆಂದು ನಾನು ಅಲುಗಾಡದೆ ಕೂತೆ. ಆಗ ಹಿಂದಿನಿಂದ ಅಕ್ಕನ ಕೂಗು ಬಂತು.

"ಕಾಣ್ತದೆ ಕಣಪ್ಪೋ!"

ಮೇಷ್ಟ್ರು ಬಿಳೀ ಪಂಚೆಯ ಮಾತನ್ನು ಮತ್ತೆ ಎತ್ತಲಿಲ್ಲ. ಅಪ್ಪ ಮನೆಗೆ ಬರುವ ದಾರಿಯಲ್ಲಿ, "ಆ ಬೆಳಕು ನನ್ ಕಾಡ ತಿನ್ನಕ್ಕೆ ಬಂದದೆ ಅಂದ್ಕಂಡಿದ್ದೆ. ಜಿಂಕೆ ಹೊಡ್ಕಂಡ್ ಬಂದದಲ್ಲ!" ಎಂದು ಅಕ್ಕನ ತಲೆ ಸವರಿದ.

ಈಗ ನಾನು ಅಮೆರಿಕದ ಡಬ್ಲಿನ್‌ನಲ್ಲಿ ಮಗನ ಮನೆಯಲ್ಲಿದ್ದೇನೆ. ಕಿಟಕಿಯಾಚೆ ಫ್ರೀವೇ, ಅದರಾಚೆ ಮಳೆ ಬಿದ್ದು ಹಸಿರಾದ ಬೋಳು ಗುಡ್ಡ. ಯುಗಾದಿ ಕಾರ್ಯಕ್ರಮಕ್ಕೆ ಇಲ್ಲಿನ ಕನ್ನಡದ ಮಕ್ಕಳು ಒಂದು ನಾಟಕ ಆಡುವುದಿತ್ತು. ಪರದೆಯ ಜಾಗದಲ್ಲಿ ಗೋಡೆಯಷ್ಟು ದೊಡ್ಡ ಟಿ.ವಿ. ಮೊಮ್ಮಗಳು ಟ್ಯಾಬಿಗೆ, ತನಗೆ ಒಂದು ಕಾಡು ಬೇಕೆಂದು ಒಂದೇ ಸಾಲು ಹೇಳಿದಳು. ನಾನು ಕನ್ನಡಕ ಏರಿಸಿಕೊಳ್ಳುವಷ್ಟರಲ್ಲಿ ಕಾಡು ಬಂದಿತ್ತು! ಎಲೆಯ ಮೇಲಿನ ಹನಿ ಸಮೇತ. ಅಪ್ಪ ತಿಂಗಳುಗಟ್ಟಲೆ ಬರೆಯುತ್ತಿದ್ದುದು ಅದು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ, ಅದರಲ್ಲಿ ನಾಚಿಕೆಯೇನಿಲ್ಲ.

ಆದರೆ ಅವಳ ಮುಖ ಊದಿಕೊಂಡಿತ್ತು. "ಬಟ್ ತಾತ, ಐ ಡಿಡಂಟ್ ಮೇಕ್ ಇಟ್," ಎಂದಳು. ತಾನು ಮಾಡಿದ್ದಲ್ಲವಂತೆ. ಎಲ್ಲರೂ ಚಪ್ಪಾಳೆ ತಟ್ಟಿದರೆ ಅದು ಯಾರಿಗೆ ಎಂದು ಕೇಳಿದಳು. ನಾನು ಈಗ ನಿಮಗೆ ಹೇಳಿದ ಕಥೆಯನ್ನು ಅವಳಿಗೆ ಹೇಳಿದೆ. ಅವಳು ಕ್ರೇಯಾನ್ ಡಬ್ಬ, ಟ್ಯಾಬು ಎರಡನ್ನೂ ಎತ್ತಿಕೊಂಡು ಕೋಣೆ ಸೇರಿದಳು.

ನಾಟಕದ ದಿನ ನಾನು ಬೇಕೆಂದೇ ಕೊನೆಯ ಸಾಲಿನಲ್ಲಿ ಕೂತೆ. ಗೋಡೆ ಬೆಳಗಿತು. ಮುಂಜಾವಿನ ಕೆಂಪು ಕಾಡು, ನಡುವೆ ಖಾಲಿ ಬಯಲು. ಕೆಂಪು ಮೆಲ್ಲಗೆ ಹಸಿರಿಗೆ ತಿರುಗಿತು. ಹನಿ ತೂಗುವ ಆ ಚೆಂದದ ಮರಗಳ ನಡುವೆ ಒಂದು ಸೊಟ್ಟ ಕಾಲಿನ, ಕ್ರೇಯಾನ್ ಗೀಚಿನ ಜಿಂಕೆ ಎದ್ದು ನಿಂತು ನಮ್ಮ ಕಡೆ ನೋಡಿತು. ಮೈ ಅದೇ ಹಳೆಯ ಹಾಗೆ ಜುಮ್ಮೆಂದಿತು. ಯಾವಾಗ ಎದ್ದು ನಿಂತೆನೋ ತಿಳಿಯದು.

"ಕಾಣ್ತದೆ ಕಣವ್ವೋ!" ಎಂದು ಕೂಗಿಬಿಟ್ಟೆ. ಸಭೆಯೆಲ್ಲ ನನ್ನ ಕಡೆ ತಿರುಗಿತು. ವೇದಿಕೆಯ ಪಕ್ಕದಿಂದ ಒಂದು ಪುಟ್ಟ ಮುಖ ಇಣುಕಿ ಹಲ್ಲು ಕಿರಿಯಿತು.

ನಮ್ಮ ಕಾಡಿಗೆ ಅಂಟಿನ ವಾಸನೆಯಿತ್ತು, ಮಳೆಯ ಭಯವಿತ್ತು. ಅವಳ ಕಾಡಿಗೆ ವಾಸನೆಯಿಲ್ಲ, ಸ್ವಿಚ್ಚು ಒತ್ತಿದರೆ ಮಾಯ. ಆದರೂ ಎರಡನ್ನೂ ಇದೇ ಕಣ್ಣಿಂದ ನೋಡುವ ಪುಣ್ಯ ನನ್ನದು. ಮನೆಗೆ ಬಂದು ಮಂಡ್ಯಕ್ಕೆ ವಿಡಿಯೋ ಕಾಲ್ ಮಾಡಿದೆವು. ಅಲ್ಲಿ ಆಗತಾನೇ ಬೆಳಗಾಗಿತ್ತು. ನೆರೆತ ಕೂದಲಿನ ಅಕ್ಕ ಕಾಫಿ ಲೋಟ ಕೆಳಗಿಟ್ಟು, ಫೋನನ್ನು ಕೈ ಚಾಚುವಷ್ಟು ದೂರ ಹಿಡಿದು, ಕಣ್ಣು ಕಿರಿದು ಮಾಡಿ, ಮೊಮ್ಮಗಳು ಹಿಡಿದು ತೋರಿಸಿದ ಜಿಂಕೆಯನ್ನು ಬಹಳ ಹೊತ್ತು ನೋಡಿದಳು.

"ಚೆನ್ನಾಗದೆ ಕಣವ್ವ. ಕುತ್ಗೆ ಮಾತ್ರ ಇನ್ನೊಂಚೂರು ಉದ್ದ ಇರಬೇಕು," ಎಂದಳು.

ಮೊಮ್ಮಗಳು "ಓಕೆ ಅಜ್ಜಿ" ಎಂದವಳೇ, ತುಟಿಪಿಟಕ್ಕೆನ್ನದೆ ಕ್ರೇಯಾನ್ ಎತ್ತಿಕೊಂಡಳು.