ಗೌಹರಳ ತೋಟಕ್ಕೆ ಆರು ಬಟ್ಟಲು ದಾರಿ

ಯಜ್ದ್ ಸೀಮೆಯ ಗೊಲ್‌ಚಶ್ಮೆ ಹಳ್ಳಿಯಲ್ಲಿ ನೀರು ಅಳೆಯುತ್ತಿದ್ದವನು ಯದುಲ್ಲಾ. ಬೆಟ್ಟದ ಬುಡದಿಂದ ಸುರಂಗದೊಳಗೇ ಹರಿದುಬಂದ ನೀರು ಊರ ಮುಂದಿನ ಕೊಳದಲ್ಲಿ ಬೆಳಕು ಕಾಣುತ್ತದಲ್ಲ, ಅಲ್ಲೇ ಅವನ ಜಾಗ. ಮಡಕೆಯ ನೀರಿನ ಮೇಲೆ, ತಳದಲ್ಲಿ ತೂತಿರುವ ಸಣ್ಣ ತಾಮ್ರದ ಬಟ್ಟಲನ್ನು ತೇಲಿಬಿಡುತ್ತಿದ್ದ. ಅದು ತುಂಬಿ ಮುಳುಗಿ ಠಣ್ ಎಂದರೆ ಒಂದು ಅಳತೆ. ಒಂದು ಕಲ್ಲನ್ನು ಪಕ್ಕಕ್ಕಿಟ್ಟು ಮತ್ತೆ ತೇಲಿಬಿಡುತ್ತಿದ್ದ. ಸರದಿಯ ಬಟ್ಟಲು ಮುಗಿದರೆ ಆ ಮನೆಯ ನೀರು ಬಂದ್.

ಇಪ್ಪತ್ತೆರಡು ವರ್ಷ ಇದೇ ಕೆಲಸ. ಅವನಿಗಿದ್ದ ಚಟ ಒಂದೇ, ಕೇಳುವುದು. ದೊರೆ ಷಾ ವಿರುದ್ಧ ದೇಶ ಬೀದಿಗಿಳಿದ ಚಳಿಗಾಲದಲ್ಲಿ ಊರವರೊಂದಿಗೆ ಯಜ್ದ್ ಪಟ್ಟಣದ ಮೆರವಣಿಗೆಗೆ ಹೋದವನು, ಘೋಷಣೆ ಕೂಗುವುದನ್ನು ಬಿಟ್ಟು ಅಕ್ಕಪಕ್ಕದವರನ್ನು "ನೀನ್ಯಾಕೆ ಬಂದೆ?" ಎಂದು ಕೇಳುತ್ತ ನಡೆದ. ಒಬ್ಬನ ತಮ್ಮ ಜೈಲಿನಲ್ಲಿದ್ದ. ಒಬ್ಬ ನೇಕಾರನ ಮಗ್ಗ ಹೊರಗಿನ ಬಟ್ಟೆ ಬಂದು ನಿಂತುಹೋಗಿತ್ತು. ಇನ್ನೊಬ್ಬನಿಗೆ ಮಸೀದಿಯಲ್ಲಿ ಹೇಳಿದ್ದರು, ಅಷ್ಟೇ. ಗೊಲ್‌ಚಶ್ಮೆಯವರದು ಮಾತ್ರ ಒಂದೇ ಉತ್ತರ: "ಅರ್ಬಾಬನ ಹನ್ನೆರಡು ಬಟ್ಟಲು."

ಅರ್ಬಾಬ್ ಊರ ಜಮೀನ್ದಾರ. ಹದಿನೈದು ವರ್ಷದ ಹಿಂದೆ ಷಾ ಅವನ ನೆಲವನ್ನು ರೈತರಿಗೆ ಹಂಚಿಸಿದ್ದ, ನೀರನ್ನು ಹಂಚಿಸಿರಲಿಲ್ಲ. ಪ್ರತಿ ಸುತ್ತಿನಲ್ಲೂ ಅರ್ಬಾಬನಿಗೆ ಪಾಲಿನ ಮೇಲೆ ಹನ್ನೆರಡು ಬಟ್ಟಲು ಹೆಚ್ಚು. ಅವನ್ನು ಎಣಿಸಿದ ಕೈ ಯದುಲ್ಲಾನದೇ. ಆ ಉತ್ತರ ಕೇಳಿದ ಮೇಲೆ ಅವನು ಬೇರೆ ಯಾರನ್ನೂ ಕೇಳಲಿಲ್ಲ.

ಷಾ ದೇಶ ಬಿಟ್ಟ. ಅರ್ಬಾಬ್ ಊರು ಬಿಟ್ಟ. ವಸಂತದಲ್ಲಿ ಊರಿನ ಹೊಸ ಸಮಿತಿ ಕೂತಿತು. ಅದರ ಮುಂದಾಳು ಜಲೀಲ್, ಪಟ್ಟಣದಲ್ಲಿ ಲೆಕ್ಕದ ಮೇಷ್ಟರಾಗಿದ್ದ ತರುಣ. ನೀರಿನ ಪಾಲಿನ ಹಳೆಯ ಪಟ್ಟಿಯಲ್ಲಿ ಹೆಚ್ಚಿಗೆ ಇದ್ದುದೆಲ್ಲ ಅನ್ಯಾಯವೆಂದು ಅವನು ಗೀಟೆಳೆದ. ಮನೆಗೆ ಇಪ್ಪತ್ತು ಬಟ್ಟಲು, ಎಲ್ಲರೂ ಸಮ. ಊರು ಹಿಗ್ಗಿತು. ಅರ್ಬಾಬನ ಹನ್ನೆರಡರ ಜೊತೆ, ಕಾಲುವೆಯ ಕಟ್ಟಕಡೆಯಲ್ಲಿ ದಾಳಿಂಬೆ ಬೆಳೆಯುವ ವಿಧವೆ ಗೌಹರಳ ಆರು ಬಟ್ಟಲೂ ಆ ಗೀಟಿನಡಿ ಹೋದವು.

ಬೇಸಿಗೆಯಲ್ಲಿ ಅವಳ ಕೊನೆಯ ಸಾಲಿನ ಗಿಡಗಳು ಮಿಡಿ ಉದುರಿಸತೊಡಗಿದವು. ಅವಳು ಕೊಳದ ಬಳಿ ಬಂದು ನಿಂತಳು.

"ಏನೋ ಯದುಲ್ಲಾ, ಷಾ ಓಡುವಾಗ ನನ್ನ ನೀರನ್ನೂ ಗಂಟು ಕಟ್ಕೊಂಡು ಹೋದ್ನಾ?"

"ಸಮಿತಿಗೆ ಹೇಳಕ್ಕ."

"ಹೇಳ್ದೆ. ಅರ್ಬಾಬನ ಚಾಳಿ ನಿನಗೂ ಅಂಟಿದೆ ಅಂದ್ರು. ಬಟ್ಟಲು ಹಿಡ್ಕೊಂಡು ಕೂತೋನು ನೀನು, ನಿನ್ ಬಾಯಿಗೇನಾಗಿದೆ?"

ಆ ಆರು ಬಟ್ಟಲು ದಾರಿಗೆ ಹೋಗುವ ನೀರಿನ ಪಾಲು ಎಂದು, ಅವನಿಗಿಂತ ಮೊದಲು ನೀರು ಅಳೆಯುತ್ತಿದ್ದ ಅಪ್ಪ ಹೇಳಿದ್ದ. ನೀರು ಅವಳ ತೋಟ ಮುಟ್ಟುವಷ್ಟರಲ್ಲಿ ಆರು ಬಟ್ಟಲು ಮುಳುಗುತ್ತವಂತೆ. ಬಾಯಿ ಬಿಟ್ಟರೆ ಅರ್ಬಾಬನ ಬಂಟ ಎಂಬ ಹೆಸರು, ಕೆಲಸಕ್ಕೆ ಕುತ್ತು. ಆದರೆ ನಿಜವಾಗಿಯೂ ಆರೇ? ಐದೋ, ಏಳೋ? ಅವನು ಒಮ್ಮೆಯೂ ನಡೆದು ನೋಡಿರಲಿಲ್ಲ. ಭಯಕ್ಕಿಂತ ಆ ಪ್ರಶ್ನೆಯೇ ಹೆಚ್ಚು ಕೊರೆಯಿತು.

"ಮೇಷ್ಟ್ರೇ, ನನ್ನ ಮಾತು ನಂಬಬೇಡಿ," ಎಂದ ಜಲೀಲನಿಗೆ. "ನೀರಿನ ಜೊತೆ ನಡೀರಿ."

ಗೌಹರಳ ಮುಂದಿನ ಸರದಿಯ ಬೆಳಿಗ್ಗೆ ಬಟ್ಟಲ ಮುಂದೆ ಸಮಿತಿಯವನೊಬ್ಬ ಕೂತ. ಜಲೀಲನ ಕೈಗಡಿಯಾರದಲ್ಲಿ ಬಟ್ಟಲಿಗೆ ಏಳು ನಿಮಿಷ. ನೀರಿನ ಮೂತಿ ಒಣಮಣ್ಣನ್ನು ಮೂಸುತ್ತ ತೆವಳಿತು. ಯದುಲ್ಲಾ, ಜಲೀಲ್ ಇಬ್ಬರೂ ಪಕ್ಕದಲ್ಲೇ ನಡೆದರು. ಬಿರುಕು ಸಿಕ್ಕಲ್ಲಿ ಅದು ನಿಂತಿತು, ಇವರೂ ನಿಂತರು. ತೋಟ ಮುಟ್ಟಿದಾಗ ನಲವತ್ತೊಂದು ನಿಮಿಷ.

"ಆರಕ್ಕೆ ಒಂದು ನಿಮಿಷ ಕಮ್ಮಿ!" ಯದುಲ್ಲಾ ಮಗುವಿನಂತೆ ನಕ್ಕ.

"ತಾಳಿ ಚಿಕ್ಕಪ್ಪ," ಎಂದ ಜಲೀಲ್. "ಅಲ್ಲಿ ಮುಚ್ಚಿದ ಮೇಲೂ ಕಾಲುವೇಲಿ ಉಳಿದ ನೀರು ಇವರಿಗೇ ಬರುತ್ತಲ್ಲ?"

ಒಳ್ಳೆಯ ಪ್ರಶ್ನೆ. ಮೂವರೂ ಗೋಡೆಯ ನೆರಳಲ್ಲಿ ಕೂತು, ಗೌಹರ್ ಕೊಟ್ಟ ಚಹಾ ಕುಡಿಯುತ್ತ ಸರದಿ ಮುಗಿಯುವುದನ್ನು ಕಾದರು. ಅತ್ತ ನೀರು ಮುಚ್ಚಿದ ಮೇಲೆ ಇತ್ತ ಹರಿವು ದಾರದಷ್ಟಾಗಿ, ಸ್ವಲ್ಪ ಹೊತ್ತಿಗೆ ನಿಂತೇಹೋಯಿತು.

"ಕಾಲುವೆ ಮರಳು ನನ್ನ ಸೊಸೆ ಹಾಗೆ ಮೇಷ್ಟ್ರೇ," ಎಂದಳು ಗೌಹರ್. "ಮೊದಲು ತಾನು ಕುಡಿದು ಆಮೇಲೆ ನನ್ನ ಕರೆಯುತ್ತೆ."

ಜಲೀಲ್ ನಗಲಿಲ್ಲ. "ನಿಮ್ಮ ಆರು ನಿಮಗೆ ವಾಪಸ್ ಬರುತ್ತೆ." ಆಮೇಲೆ ಯದುಲ್ಲಾನ ಕಡೆ ತಿರುಗಿದ. "ಅರ್ಬಾಬನ ಹನ್ನೆರಡಕ್ಕೆ ಎಷ್ಟು ದಾರಿ ಚಿಕ್ಕಪ್ಪ?"

"ಅವನ ತೋಟ ಕೊಳಕ್ಕೇ ಅಂಟಿತ್ತು. ದಾರಿಯೇ ಇಲ್ಲ."

"ಗೊತ್ತಿದ್ದೂ ಎಣಿಸಿದ್ರಿ."

"ಎಣಿಸಿದೆ."

ಸಮಿತಿ ಅಂದೇ ತೀರ್ಮಾನಿಸಿತು. ಬಟ್ಟಲು ಇನ್ನೊಬ್ಬನಿಗೆ, ಯದುಲ್ಲಾ ನಲವತ್ತು ಮನೆಗಳ ದಾರಿಯನ್ನೂ ನೀರಿನ ಜೊತೆ ನಡೆದು ಅಳೆಯಬೇಕು. ಖಾಲಿ ಕೈಯಲ್ಲಿ ಮನೆಗೆ ಹೋಗುವಾಗ ಅವನು ಯಾರ ಮುಖವನ್ನೂ ನೋಡಲಿಲ್ಲ. ಮರುದಿನ, ಕೊಳದಿಂದ ಕೂಗಳತೆಯಲ್ಲೇ ಇರುವ ಕುಂಬಾರರ ಹೊಲಕ್ಕೆ ನೀರಿನ ಬೆನ್ನು ಹತ್ತಿದ. ನಡುವೆ ಒಂದು ಇಲಿಬಿಲ ನೀರನ್ನು ನುಂಗುತ್ತ ಕೂತಿತ್ತು. ನೀರು ಹೊಲ ಮುಟ್ಟಲು ಎರಡು ಬಟ್ಟಲು ಹಿಡಿಯಿತು. ಅಪ್ಪ ಅದನ್ನು ಹೇಳಿರಲಿಲ್ಲ, ಹಳೆಯ ಪಟ್ಟಿಯಲ್ಲೂ ಇರಲಿಲ್ಲ. ಯದುಲ್ಲಾ ಮಂಡಿಯೂರಿ ಬಿಲದೊಳಗೆ ಮೊಣಕೈವರೆಗೆ ಕೈಹಾಕಿದ, ತಳ ಸಿಗಲಿಲ್ಲ.