ಕಾಮಕಸ್ತೂರಿಯ ಹನ್ನೊಂದು ಕಾಳು

ಮಕ್ಕಳೇ, ನಿಮ್ಮ ಅಜ್ಜನ ನೌಕರಿಗಾಗಿ ಮೆಹದಿಪಟ್ಟಣಂಗೆ ಬಂದ ಹೊಸತರಲ್ಲಿ ತೆಲುಗು ಬಾರದ ನಾನು, ನಮ್ಮ ಕಡೆಯ ಹಿರಿಯಾಕೆ ಎದುರು ಮನೆಯ ಕಾಕು ಒಬ್ಬರನ್ನು ಬಿಟ್ಟು ಯಾರೊಡನೆಯೂ ಮಾತಾಡುತ್ತಿರಲಿಲ್ಲ. ಅವರ ಬಾಗಿಲಲ್ಲಿ ಎಣ್ಣೆ ಡಬ್ಬಿಗಳ ತುಂಬ ಕಾಮಕಸ್ತೂರಿ. ತೆನೆ ಕಂದುಬಣ್ಣಕ್ಕೆ ತಿರುಗುವ ಮೊದಲು ಯಾರಾದರೂ ಕೈ ಚಾಚಿದರೆ, "ತಡೀರಿ, ಒಣಗಲಿ" ಎನ್ನುವರು. ಒಣಗಿದ ಮೇಲೆ ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಕರಿ ಬೀಜವನ್ನು ಬೇಸಿಗೆಯ ಶರಬತ್ತಿಗೂ ಮುಂದಿನ ಬಿತ್ತನೆಗೂ ಎತ್ತಿಡುವರು.

ಒಮ್ಮೆ ಮಗಳ ಬಾಣಂತನಕ್ಕೆ ಹೋಗುವಾಗ ಗಿಡಗಳನ್ನು ನನಗೆ ಒಪ್ಪಿಸಿದರು. ಆ ವರ್ಷ ಹಳೆಯ ಬೀಜ ಒಂದೂ ಉಳಿದಿರಲಿಲ್ಲ. ನಾನೋ ತುಳಸಿಗೆ ಮಾಡುವಂತೆ ಹಸಿ ತೆನೆಗಳನ್ನೆಲ್ಲ ಚಿವುಟಿ ದೇವರಿಗೆ ಏರಿಸಿಬಿಟ್ಟೆ. ಆಮೇಲೆ ಗಿಡಗಳೂ ಬಿಸಿಲಿಗೆ ಸತ್ತವು.

ಕಾಕು ಮರಳಿ ಬಂದಾಗ ಅಳುತ್ತಲೇ ಹೇಳಿದೆ.

"ದೇವರ ಮ್ಯಾಲಿಂದ ಇಳಿಸಿದ ಹೂವು ಎಲ್ಲಿ ಚೆಲ್ಲಿದಿ?"

ಯಾರೂ ತುಳಿಯಬಾರದೆಂದು ಬುಟ್ಟಿಯಲ್ಲಿ ಕೂಡಿಟ್ಟಿದ್ದೆ. ಕಾಕು ನೆಲಕ್ಕೆ ಕುಳಿತು ಒಂದೊಂದೇ ತೆನೆ ತಿಕ್ಕಿದರು. ಬುಡದ ಹೂಗಳಲ್ಲಿ ಮಾತ್ರ ಬೀಜ ಬಲಿತಿತ್ತು. ಹನ್ನೊಂದು ಕಾಳು ಸಿಕ್ಕವು.

"ದೇವರು ತನ್ನ ಪಾಲು ತಗೊಂಡು ನಮಗಿಷ್ಟು ಬಿಟ್ಟಾನ. ಇವನ್ನ ನೀನೇ ಹಾಕು."

"ನಾ ಕೆಡಿಸಿದಾಕಿರಿ, ಕಾಕು."

"ಅದಕ್ಕ ಹೇಳಾಕತ್ತೀನಿ. ಒಮ್ಮೆ ಕೆಡಿಸಿದಾಕಿ ಭಾಳ ಜ್ವಾಕಿ ಮಾಡ್ತಾಳ."

ನಾಲ್ಕು ಮೊಳೆತವು. ಮರುವರ್ಷ ಓಣಿಯ ಹೆಂಗಸರು ಬೀಜ ಕೇಳಲು ಬಂದಾಗ ಕಾಕು ನನ್ನತ್ತ ಕೈ ತೋರಿಸಿದರು: "ಬೀಜ ಈಗ ಆಕೀದು. ಆಕೀನ್ನ ಕೇಳ್ರಿ."

ಐದು ಮಂದಿ ನನ್ನ ಮುಂದೆ ನಿಂತರು. ಬೀಜದ ಮೇಲೆ ಮಣ್ಣು ಚಿಟಿಕೆಯಷ್ಟೇ ಉದುರಿಸಬೇಕೆಂದು ನಾನು ನನ್ನ ಹರಕು ತೆಲುಗಿನಲ್ಲಿ ಅವರಿಗೆ ಹೇಳಿಕೊಟ್ಟೆ.