ಫೋನ್ ಇಡುವ ಮುನ್ನ ಹೇಳಿದ್ದು

2024, ಅಮೆರಿಕದ ಅಧ್ಯಕ್ಷ ಚುನಾವಣೆಯ ವರ್ಷ. ನಾನಾಗ ದೊಡ್ಡನೆಕ್ಕುಂದಿಯ ಒಂದು ಸಮೀಕ್ಷಾ ಕಚೇರಿಯಲ್ಲಿ ಸೂಪರ್‌ವೈಸರ್. ನಿವೃತ್ತಿಗೆ ಒಂದೇ ವರ್ಷ ಬಾಕಿ. ಅಮೆರಿಕದ ಮತದಾರರ ಜೊತೆ ಫೋನಿನಲ್ಲಿ ನಡೆದ ಮಾತುಕತೆಯ ರೆಕಾರ್ಡಿಂಗ್ ನಮಗೆ ಬರುತ್ತಿತ್ತು. ಅದನ್ನು ಕೇಳಿ ಪ್ರತಿ ಉತ್ತರಕ್ಕೂ ಒಂದು ಸಂಖ್ಯೆ ಕೊಡಬೇಕು. ಇದಕ್ಕೆ ಕೋಡಿಂಗ್ ಎನ್ನುತ್ತಿದ್ದೆವು.

ಆ ದೇಶದಲ್ಲಿ ಎರಡೂ ಪಕ್ಷಗಳ ಕಟ್ಟಾ ಬೆಂಬಲಿಗರು ಜಪ್ಪಯ್ಯ ಅಂದರೂ ಕದಲುವುದಿಲ್ಲ. ಪೈಪೋಟಿ ಬಿಗಿಯಾಗಿರುವ ಕೆಲವೇ ರಾಜ್ಯಗಳಲ್ಲಿ, ನಡುವೆ ನಿಂತ ಮಾಡರೇಟ್ ಮತದಾರರು ಯಾರ ಕಡೆ ವಾಲುತ್ತಾರೋ ಅವರಿಗೆ ಅಧ್ಯಕ್ಷಗಿರಿ ಹತ್ತಿರವಾಗುತ್ತದೆ. ನಮಗೋ ಅವರೇ ತಲೆನೋವು. ‘ಇಬ್ಬರೂ ಪರವಾಗಿಲ್ಲ, ನೋಡೋಣ’ ಎಂದುಬಿಡುತ್ತಿದ್ದರು. ಅಲ್ಲಿಗೇ ‘9’ ಒತ್ತಿ, ಅಂದರೆ ‘ತೀರ್ಮಾನಿಸಿಲ್ಲ’ ಎಂದು ಗುರುತು ಹಾಕಿ, ಮುಂದಿನ ಕಾಲ್‌ಗೆ ಹೋಗಬೇಕೆಂದು ನಿಯಮ ಮಾಡಿದವನು ನಾನೇ. ದಿನಕ್ಕೆ ಅರವತ್ತು ಕಾಲ್ ಮುಗಿಯಬೇಕಲ್ಲ.

ಶಿವಾಜಿನಗರದ ಶಬಾನಾ ಮಾತ್ರ ನಲವತ್ತು ದಾಟುತ್ತಿರಲಿಲ್ಲ. ಪ್ರೊಬೇಷನ್‌ನಲ್ಲಿದ್ದಳು. ಕೆಲಸ ಕಾಯಂ ಆದರೆ ತಂದೆಯ ಬಟ್ಟೆ ಅಂಗಡಿಯಲ್ಲಿ ಕೂರುವುದು ತಪ್ಪುತ್ತದೆ, ಅರ್ಧಕ್ಕೆ ಬಿಟ್ಟ ಎಂ.ಎ. ಮುಗಿಸಬಹುದು ಎಂಬ ಆಸೆ ಅವಳಿಗೆ. ಯಾಕಮ್ಮ ಇಷ್ಟು ನಿಧಾನ ಎಂದು ಕರೆದು ಕೇಳಿದೆ.

“ಸರ್, ಫೋನ್ ಮಾಡಿದೋರು ಕೊನೇಲಿ ‘ಇನ್ನೇನಾದ್ರೂ ಹೇಳೋದಿದ್ಯಾ’ ಅಂತ ಕೇಳ್ತಾರಲ್ಲ, ಆಗ್ಲೇ ಈ ‘ನೋಡೋಣ’ ಅನ್ನೋರು ಬಾಯಿ ಬಿಡೋದು. ದಿನಸಿ ರೇಟು, ಅಮ್ಮನ ಆಸ್ಪತ್ರೆ... ಯಾರ ಕಡೆ ವಾಲ್ತಿದ್ದಾರೆ ಅಂತ ಅಲ್ಲಿ ಗೊತ್ತಾಗುತ್ತೆ. ನಮ್ಮ ಅಂಗಡೀಲೂ ಅಷ್ಟೇ. ಗಿರಾಕಿ ಎಲ್ಲಾ ಸೀರೆಗೂ ಚೆನ್ನಾಗಿದೆ ಅಂತಾರೆ. ಮನಸಲ್ಲಿರೋದನ್ನ ಹೇಳೋದು ಮೆಟ್ಟಿಲು ಇಳಿಯುವಾಗ.”

“ಇದು ಅಂಗಡಿ ಅಲ್ಲ ಕಣಮ್ಮ, ಆಫೀಸು,” ಎಂದೆ. ಎಂಥಾ ಜಂಬ ನನ್ನದು. ಆ ಕೊನೆಯ ಮಾತುಗಳನ್ನು ಕೇಳಿ ಅವಳು ಬರೆದು ತಂದಿದ್ದ ಟಿಪ್ಪಣಿಗಳನ್ನು ಡ್ರಾಯರಿಗೆ ತಳ್ಳಿದೆ. ಆಗಸ್ಟ್ ಕೊನೆಗೆ ‘ಕೆಲಸ ನಿಧಾನ, ಕಾಯಂ ಮಾಡುವುದು ಬೇಡ’ ಎಂದು ಷರಾ ಬರೆದು ಸಹಿ ಹಾಕಿದೆ. ಅವಳು ಐಡಿ ಕಾರ್ಡನ್ನು ನನ್ನ ಮೇಜಿನ ಮೇಲಿಟ್ಟು, “ಬರ್ತೀನಿ ಸರ್,” ಎಂದು ಹೊರಟುಹೋದಳು.

ನವೆಂಬರಿನಲ್ಲಿ ಫಲಿತಾಂಶ ಬಂತು. ನಮ್ಮ ಅಂದಾಜು ಮಕಾಡೆ ಮಲಗಿತ್ತು. ‘9’ ಒತ್ತಿದ ಕಾಲ್‌ಗಳನ್ನೆಲ್ಲ ಪೂರ್ತಿ ಕೇಳಿ ಎಂದು ಕ್ಲೈಂಟ್ ಹೇಳಿದರು. ಕೇಳಿದೆವು. ಡ್ರಾಯರಿನಿಂದ ಶಬಾನಾಳ ಟಿಪ್ಪಣಿ ತೆಗೆದು ಹೋಲಿಸಿದೆ. ನಡುವಿನವರು ಎತ್ತ ವಾಲುತ್ತಿದ್ದಾರೆ ಎಂಬುದನ್ನು ಅವಳು ಆಗಲೇ ಬರೆದಿದ್ದಳು.

ಅವಳನ್ನು ವಾಪಸ್ ಕರೆಸಲು ಮ್ಯಾನೇಜರ್ ಒಪ್ಪಿದರು. ನಾನೇ ಶಿವಾಜಿನಗರದ ಅಂಗಡಿಗೆ ಹೋದೆ. ಚಹಾ ತರಿಸಿದಳು, ನನ್ನ ಮೊಣಕಾಲು ನೋವು ವಿಚಾರಿಸಿದಳು. ಕೆಲಸದ ಮಾತೆತ್ತಿದಾಗ, “ನೋಡೋಣ ಸರ್,” ಎಂದಳು.

ಚಪ್ಪಲಿ ಮೆಟ್ಟಿ, ಹೊರಗಿನ ಮೆಟ್ಟಿಲ ಮೇಲೆ ನಿಂತುಬಿಟ್ಟೆ. “ಇನ್ನೇನಾದ್ರೂ ಹೇಳೋದಿದ್ಯೇನಮ್ಮ?”

ಸೀರೆ ಮಡಿಸುತ್ತಲೇ ಹೇಳಿದಳು: “ಅವತ್ತು ಒಂದು ಕಾಲ್ ಆದ್ರೂ ಕೊನೆತನಕ ನೀವೇ ಕೇಳ್ಬೇಕಿತ್ತು ಸರ್. ನಾನು ಬರಲ್ಲ.”

ನಡುವೆ ನಿಂತವರ ಮನಸ್ಸು ತಿಳಿಯಬೇಕಾದರೆ ಇನ್ನೊಂದು ನಿಮಿಷ ಕಾಯಬೇಕು ಎಂದು ವೃತ್ತಿ ಕಲಿಸಿತು. ಆ ಒಂದು ನಿಮಿಷ ನಾನು ಕಾದೆ, ಶಬಾನಾಳ ಕೆಲಸ ಕಳೆದ ಮೇಲೆ.